ಸೆರೆಮನೆಗೆ ಬಂದ ಕಾಗದ

ನಮ್ಮ ಹುಣಸೂರಿನ ಕಡೆಯವರಿಗೆ ‘ಸೆರೆ’ ಎಂಬ ಮಾತು ಕಿವಿಗೆ ಬಿದ್ದರೆ ಮೊದಲು ನೆನಪಾಗುವುದು ಮನುಷ್ಯನಲ್ಲ, ಆನೆ. ಹೊಲಕ್ಕೆ ನುಗ್ಗಿದ ಪುಂಡಾನೆಯನ್ನು ಅರಣ್ಯ ಇಲಾಖೆಯವರು ಹಿಡಿದರೆ ಮರುದಿನದ ಪತ್ರಿಕೆಯಲ್ಲಿ ‘ಕಾಡಾನೆ ಸೆರೆ’ ಎಂದೇ ತಲೆಬರಹ. ಹಿಂದಿನ ತಲೆಯವರಾದರೆ ಕಾಕನಕೋಟೆಯ ಖೆಡ್ಡಾದ ಕಥೆ ತೆಗೆಯುತ್ತಾರೆ. 1874ರಲ್ಲಿ ಸ್ಯಾಂಡರ್ಸನ್ ಎಂಬ ದೊರೆ ಚಾಮರಾಜನಗರದ ಸೀಮೆಯಲ್ಲಿ ನಡೆಸಿ ತೋರಿಸಿದ ಈ ಆನೆ ಹಿಡಿಯುವ ಕ್ರಮ ಮುಂದೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಕನಕೋಟೆಯಲ್ಲಿ ಲೋಕಪ್ರಸಿದ್ಧವಾಯಿತು. 1971ರ ಖೆಡ್ಡಾದೊಡನೆ ಮುಗಿಯಿತು. ಅದನ್ನು ಕಣ್ಣಾರೆ ಕಂಡಿದ್ದ ನಮ್ಮ ಮನೆಯ ಹಿರಿಯರೊಬ್ಬರು ನೆರೆದ ಜನವನ್ನಾಗಲಿ, ಅತಿಥಿಗಳ ವೈಭವವನ್ನಾಗಲಿ ಅಷ್ಟಾಗಿ ವರ್ಣಿಸುತ್ತಿರಲಿಲ್ಲ. ಅವರ ನೆನಪಿನಲ್ಲಿ ಉಳಿದಿದ್ದುದು ಆ ಮೇಲಿನ ರಾತ್ರಿಗಳು. ಕಾಲಿಗೆ ಹಗ್ಗ ಬಿಗಿಸಿಕೊಂಡು ನಿಂತ ಆನೆಯ ಎದುರಿಗೆ ಮಾವುತ ಕುಳಿತು ಏನೋ ಒಂದನ್ನು ಗುನುಗುತ್ತ, ಮಾತನಾಡಿಸುತ್ತ ಬೆಳಗು ಮಾಡುತ್ತಿದ್ದನಂತೆ. “ಹಾಡು ನಿಂತರೆ ಅದು ಮತ್ತೆ ಹಗ್ಗ ಜಗ್ಗೋದು ಕಣಪ್ಪ” ಎನ್ನುತ್ತಿದ್ದರು.

ಮನುಷ್ಯರ ಸೆರೆಯ ವಿಚಾರವನ್ನು ಬರೆಯಹೊರಟವನು ಆನೆಯಿಂದ ಮೊದಲುಮಾಡಿದ್ದಕ್ಕೆ ಓದುಗರು ಕ್ಷಮಿಸಬೇಕು. ಕನ್ನಡದ ಮೇಷ್ಟರಿಗೆ ಒಂದು ಮಾತು ಸಿಕ್ಕಿದರೆ ಅದರ ಬೇರುಬಿಳಲುಗಳನ್ನೆಲ್ಲ ಜಾಲಾಡದೆ ಸಮಾಧಾನವಿಲ್ಲ. ‘ಸೆರೆ’ ಎಂದರೆ ಬಂಧನ, ಸರಿಯೇ. ಆದರೆ ನೀರು ಕುಡಿಯಲು ಗುಳಿ ಮಾಡಿ ಹಿಡಿದ ಅಂಗೈಯೂ ಸೆರೆಯೇ. ಇನ್ನು ಹಳೆಯ ಕಾವ್ಯಗಳಲ್ಲಿ ದುಃಖ ಒತ್ತರಿಸಿ ಬಂದಾಗ ಬಿಗಿಯುವುದು ‘ಕೊರಳ ಸೆರೆ’. ಒಂದೇ ಮಾತಿನಲ್ಲಿ ಬೇಡಿ, ಬೊಗಸೆ, ಗದ್ಗದ ಮೂರೂ ಕೂಡಿಕೊಂಡಿರುವುದು ಆಕಸ್ಮಿಕವಿರಬಹುದು. ಭಾಷಾಶಾಸ್ತ್ರಜ್ಞರು ಇವೆಲ್ಲ ಬೇರೆ ಬೇರೆ ಶಬ್ದಗಳೆಂದು ವಾದಿಸಿದರೆ ನಾನು ಜಗಳಕ್ಕೆ ನಿಲ್ಲುವುದಿಲ್ಲ. ಆದರೆ ಒಂದು ಸೆರೆಮನೆಯ ಒಳಗೆ ಹೋಗಿ ಬಂದ ಮೇಲೆ ಈ ಮೂರು ಅರ್ಥಗಳನ್ನು ಬಿಡಿಸಿ ನೋಡುವುದು ನನಗೆ ಸಾಧ್ಯವಾಗಿಲ್ಲ.

ನಾನು ಅಲ್ಲಿಗೆ ಹೋದದ್ದು ಕೆಲವು ವರ್ಷಗಳ ಹಿಂದೆ, ಪಾಠ ಹೇಳಲು. ಕೈದಿಗಳಿಗೆ ಓದುಬರಹ ಕಲಿಸುವ ಕೆಲಸದಲ್ಲಿ ತೊಡಗಿದ್ದ ಹಿರಿಯ ಸ್ನೇಹಿತರೊಬ್ಬರು, “ಭಾನುವಾರ ಭಾನುವಾರ ಬಂದು ಎರಡು ಗಂಟೆ ಕುಳಿತು ಹೋಗಿ” ಎಂದು ಒತ್ತಾಯಮಾಡಿದರು. ಯಾವ ಸೆರೆಮನೆ ಎಂಬುದು ಇಲ್ಲಿ ಮುಖ್ಯವಲ್ಲ. ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಕೋಟೆ ತಾಲ್ಲೂಕುಗಳ ಜನವೂ ಅಲ್ಲಿ ಇದ್ದರು ಎಂದರೆ ಸಾಕು. ಇಷ್ಟು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದವನಿಗೆ ಇದೇನು ಮಹಾ ಎಂಬ ಧೈರ್ಯ ನನ್ನದು. ಚೀಲದಲ್ಲಿ ರಾಘವಾಂಕನ ಹರಿಶ್ಚಂದ್ರ ಕಾವ್ಯವನ್ನು ಇಟ್ಟುಕೊಂಡು ಹೊರಟೆ. ರಾಜ್ಯ, ಹೆಂಡತಿ, ಮಗ ಎಲ್ಲವನ್ನೂ ಕಳೆದುಕೊಂಡು ಸುಡುಗಾಡು ಕಾದರೂ ಸತ್ಯ ಬಿಡದವನ ಕಥೆಗಿಂತ ಇವರಿಗೆ ಹೇಳತಕ್ಕ ಕಥೆ ಇನ್ನಾವುದು? ಹರಿಶ್ಚಂದ್ರ ನಾಟಕವನ್ನು ನೋಡಿಯಲ್ಲವೆ ಬಾಲಕ ಗಾಂಧಿಯ ಮನಸ್ಸು ತಿರುಗಿದ್ದು?

ರಾಗವಾಗಿ ಓದಿದೆ, ಅರ್ಥ ಹೇಳಿದೆ. ನಲವತ್ತು ಮಂದಿ ಸದ್ದಿಲ್ಲದೆ ಕೇಳಿದರು. ನನಗೆ ಒಳಗೊಳಗೇ ಹೆಮ್ಮೆ. ಕಥೆ ಮುಗಿಸಿ, “ಇದರಿಂದ ನಿಮಗೆ ಏನು ತೋರುತ್ತದೆ?” ಎಂದು ತರಗತಿಯ ಚಾಳಿಯಂತೆ ಕೇಳಿಬಿಟ್ಟೆ. ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು, “ನಾನೂ ಸ್ಟೇಷನ್ನಲ್ಲಿ ಸತ್ಯಾನೇ ಹೇಳ್ಬುಟ್ಟೆ ಸಾ, ಅದ್ಕೇ ಇಲ್ಲಿವ್ನಿ” ಎಂದ. ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತು. ಬಾಗಿಲಲ್ಲಿ ನಿಂತ ವಾರ್ಡರೂ ನಕ್ಕರು. ನಾನೂ ನಗಲೇಬೇಕಾಯಿತು. ಆ ದಿನವೇ ಹರಿಶ್ಚಂದ್ರ ಚೀಲ ಸೇರಿದ. ಮತ್ತೆ ಹೊರಗೆ ಬರಲಿಲ್ಲ.

ಜನ ಚದುರಿದ ಮೇಲೆ ಮೂಲೆಯಲ್ಲಿ ಒಬ್ಬರು ಉಳಿದರು. ಕೋಟೆ ಕಡೆಯ ಒಕ್ಕಲು. ವಯಸ್ಸು ಐವತ್ತರ ಮೇಲೆ. ಮೆಲ್ಲಗೆ ಬಳಿಗೆ ಬಂದು, “ಮೇಷ್ಟ್ರೇ, ಕತೆ ಚೆಂದಾಗಿತ್ತು. ನಂಗೆ ಕಾಗದ ಓದೋದ ಕಲಿಸ್ಕೊಡ್ತೀರಾ?” ಎಂದರು. ಯಾವ ಕಾಗದ ಎಂದು ಕೇಳಿದೆ. ಅಂಗಿಯ ಒಳಜೇಬಿನಿಂದ ಒಂದು ಇನ್‌ಲ್ಯಾಂಡ್ ಪತ್ರ ತೆಗೆದು ತೋರಿಸಿದರು, ಕೊಡಲಿಲ್ಲ. ಹೈಸ್ಕೂಲಿನಲ್ಲಿ ಓದುತ್ತಿದ್ದ ಮಗಳು ಬರೆದದ್ದು. ತಾಯಿ ಹೇಳುತ್ತಾಳೆ, ಮಗಳು ಬರೆಯುತ್ತಾಳೆ. ಇಲ್ಲಿ ಬಂದ ಕಾಗದವನ್ನು ಅಧಿಕಾರಿಗಳು ನೋಡಿಯೇ ಒಳಕ್ಕೆ ಬಿಡುವುದು ನಿಯಮ. ಅದರ ಬಗ್ಗೆ ಅವರಿಗೆ ಬೇಸರವಿರಲಿಲ್ಲ. “ಅವ್ರು ಅಧಿಕಾರಿಗಳು, ಓದ್ತಾರೆ, ಮರೀತಾರೆ” ಎಂದರು. ಕಷ್ಟವೆಂದರೆ ಅದನ್ನು ಓದಿಸಿಕೊಳ್ಳಲು ಬ್ಯಾರಕ್ಕಿನ ಇನ್ನೊಬ್ಬ ಕೈದಿಯ ಕಾಲಿಗೆ ಬೀಳಬೇಕು. ಓದಿದವನು ಮನೆಯ ಗುಟ್ಟನ್ನೆಲ್ಲ ತಿಳಿಯುತ್ತಾನೆ. ಸಾಲ ಎಷ್ಟು, ಮಗಳಿಗೆ ಯಾರು ಗಂಡು ಕೇಳಿ ಬಂದರು, ಯಾರು ಬಾರದೆ ಹೋದರು, ಹೆಂಡತಿ ಯಾವ ಮಾತಿಗೆ ಅತ್ತಳು ಎಲ್ಲವೂ ಮಾರನೆಯ ದಿನ ಊಟದ ಸಾಲಿನಲ್ಲಿ ಹಾಸ್ಯಕ್ಕೆ ವಸ್ತು. ಈಗ ಸೆರೆಮನೆಗಳಲ್ಲಿ ಟೆಲಿಫೋನಿನ ಅನುಕೂಲವೂ ಉಂಟು. ಆದರೆ ಫೋನಿನ ಮಾತು ಕೆಲವೇ ನಿಮಿಷದ್ದು. ಅದೂ ಹಿಂದೆ ಸಾಲು ನಿಂತವರ ಕಿವಿಯ ಎದುರಿಗೆ. ಕಾಗದವನ್ನಾದರೆ ದಿಂಬಿನ ಅಡಿಯಲ್ಲಿ ಇಟ್ಟುಕೊಳ್ಳಬಹುದು.

ಅಂದು ಬಸ್ಸಿನಲ್ಲಿ ಊರಿಗೆ ಮರಳುವಾಗ ನನ್ನನ್ನು ಹಿಡಿದ ಯೋಚನೆ ಇದು: ಈ ಗೋಡೆಗಳ ಒಳಗೆ ಪಾಠ ಹೇಳಿದ ಮೊದಲಿಗ ನಾನೇನೂ ಅಲ್ಲ. ನನಗಿಂತ ಹಿಂದೆ ಇಲ್ಲಿ ಕಲಿಸಿದವರು ಯಾರು, ಕಲಿತವರಿಗೆ ಬೇಕಾಗಿದ್ದುದು ಏನು? ಅಂದಿನಿಂದ ಬಿಡುವಾದಾಗ ಹುಡುಕುತ್ತ ಬಂದೆ. ಸಿಕ್ಕಿದ್ದರಲ್ಲಿ ಕೆಲವನ್ನು ಇಲ್ಲಿ ಹೇಳುತ್ತೇನೆ.

ಮೊದಲು ಗೋಡೆಯ ವಿಚಾರ. ಹಳೆಯ ಮೈಸೂರು ಸಂಸ್ಥಾನದ ತಾಲ್ಲೂಕು ಕಚೇರಿಗಳಲ್ಲಿ ಖಜಾನೆಯ ಪಕ್ಕದಲ್ಲೇ ಒಂದು ಲಾಕಪ್ಪು ಇರುತ್ತಿತ್ತು. ಸರ್ಕಾರದ ಹಣ, ಸರ್ಕಾರದ ಕೈದಿ ಎರಡಕ್ಕೂ ಒಬ್ಬನೇ ಪಹರೆಯವನು. ದೊಡ್ಡ ಸೆರೆಮನೆಗಳು ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಬೌರಿಂಗ್ ಸಾಹೇಬರು ಕಮಿಷನರಾಗಿದ್ದ 1860ರ ದಶಕದಲ್ಲಿ ಬೆಂಗಳೂರಿನ ಸೆಂಟ್ರಲ್ ಜೈಲು ಎದ್ದಿತು. ನಡುವೆ ಒಂದು ಕಾವಲು ಗೋಪುರ, ಅದರ ಸುತ್ತ ಗಾಡಿಯ ಚಕ್ರದ ಅರೆಕಾಲುಗಳಂತೆ ಹಬ್ಬಿದ ಬ್ಯಾರಕ್ಕುಗಳು. ಒಬ್ಬ ಕಾವಲುಗಾರ ನಿಂತಲ್ಲಿಂದ ಎಲ್ಲರನ್ನೂ ನೋಡುತ್ತಿರಬೇಕು ಎಂಬುದು ಬೆಂಥಾಮ್ ಎಂಬ ಇಂಗ್ಲಿಷ್ ತತ್ತ್ವಜ್ಞಾನಿ 1791ರಲ್ಲಿ ಪ್ರಕಟಿಸಿದ ಉಪಾಯ. ಕೈದಿಗಳು ಪರಪ್ಪನ ಅಗ್ರಹಾರಕ್ಕೆ ಹೋದ ಬಳಿಕ ಈ ಹಳೆಯ ಜೈಲು 2008ರಲ್ಲಿ ಫ್ರೀಡಂ ಪಾರ್ಕ್ ಎಂಬ ಉದ್ಯಾನವಾಯಿತು, ಗೋಪುರವನ್ನು ಉಳಿಸಿಕೊಂಡಿದ್ದಾರೆ. ಬೆಂಗಳೂರಿಗೆ ಹೋದವರು ಅದರ ಕೆಳಗೆ ಒಂದು ನಿಮಿಷ ನಿಂತು ನೋಡಬೇಕು. ನೋಡುವುದಕ್ಕೆ ಅಷ್ಟು ಚೆನ್ನಾಗಿ ಏರ್ಪಾಡು ಮಾಡಿದವರು ಕೇಳುವುದಕ್ಕೆ ಮಾತ್ರ ಯಾವ ಏರ್ಪಾಡನ್ನೂ ಮಾಡಿರಲಿಲ್ಲ.

ಕೇಳುವವರು ಎಲ್ಲ ದೇಶಗಳಲ್ಲೂ ಮೊದಲು ಹೊರಗಿನಿಂದಲೇ ಬಂದಿದ್ದಾರೆ. ಲಂಡನ್ನಿನ ನ್ಯೂಗೇಟ್ ಸೆರೆಮನೆಗೆ ಎಲಿಜಬೆತ್ ಫ್ರೈ ಎಂಬ ಗೃಹಿಣಿ 1813ರಲ್ಲಿ ಹೋದಳು. ಕೆಲವು ವರ್ಷಗಳ ಅನಂತರ ಅಲ್ಲಿ ಹೆಂಗಸು ಕೈದಿಗಳ ಮಕ್ಕಳಿಗೆಂದು ಒಂದು ಶಾಲೆ ತೆರೆದಾಗ ಮಕ್ಕಳ ಜೊತೆಗೆ ತಾಯಂದಿರೂ ಬಂದು ಕುಳಿತರಂತೆ. ನಮ್ಮಲ್ಲಿ ಕೈದಿಯನ್ನು ತಿದ್ದುವುದೂ ಸೆರೆಮನೆಯ ಕೆಲಸ ಎಂದು ಸರ್ಕಾರ ನೇಮಿಸಿದ ಸಮಿತಿಯೊಂದು ಸ್ಪಷ್ಟವಾಗಿ ಹೇಳಬೇಕಾದರೆ 1919-20ರ ಜೈಲು ಸಮಿತಿಯವರೆಗೆ ಕಾಯಬೇಕಾಯಿತು. ಅದು ವರದಿಯ ಮಾತು. ವರದಿಗೂ ಬ್ಯಾರಕ್ಕಿಗೂ ನಡುವೆ ಎಷ್ಟು ಬಾಗಿಲುಗಳೋ!

ಆ ಹೊತ್ತಿಗಾಗಲೇ ಸೆರೆಮನೆಗೆ ಬೇರೊಂದು ಬಗೆಯ ಜನ ಬರತೊಡಗಿದ್ದರು. ಮಂಡಾಲೆಯ ಸೆರೆಯಲ್ಲಿ ಲೋಕಮಾನ್ಯ ಟಿಳಕರು 1910-11ರ ಚಳಿಗಾಲದಲ್ಲಿ ಪೆನ್ಸಿಲಿನಿಂದ ಗೀತಾರಹಸ್ಯವನ್ನು ಬರೆದರು. ಅದನ್ನು ಆಲೂರು ವೆಂಕಟರಾಯರು ಕನ್ನಡಿಗರ ಕೈಗೆ ಕೊಟ್ಟರು. ‘ನರಬಲಿ’ ಎಂಬ ಕವಿತೆಗಾಗಿ 1932ರಲ್ಲಿ ಬೇಂದ್ರೆಯವರು ಸೆರೆಮನೆ ಕಂಡರು. ನಮ್ಮ ಮೈಸೂರು ಸೀಮೆಯಲ್ಲಿ 1938ರ ಶಿವಪುರದ ಧ್ವಜ ಸತ್ಯಾಗ್ರಹದಿಂದ 1942ರ ಚಳವಳಿಯವರೆಗೆ ವಕೀಲರು, ಮೇಷ್ಟರು, ಕಾಲೇಜಿನ ಹುಡುಗರು ಜೈಲುಗಳನ್ನು ತುಂಬಿದರು. ಪುಸ್ತಕಗಳ ಸುತ್ತ ಬೆಳೆದ ಈ ಜನ ಒಟ್ಟಿಗೆ ಕುಳಿತರೆ ಇನ್ನೇನು ಮಾಡುತ್ತಾರೆ? ಒಬ್ಬರಿಗೊಬ್ಬರು ಪಾಠ ಹೇಳಿಕೊಳ್ಳುತ್ತಾರೆ.

ಈ ಪಾಠಗಳಲ್ಲೆಲ್ಲ ಸೊಗಸಾದದ್ದು ನಡೆದುದು ಮಹಾರಾಷ್ಟ್ರದ ಧುಳೆ ಸೆರೆಮನೆಯಲ್ಲಿ. 1932ರ ಫೆಬ್ರವರಿ 21ರಿಂದ ಜೂನ್ 19ರವರೆಗೆ, ಭಾನುವಾರಕ್ಕೆ ಒಂದರಂತೆ, ವಿನೋಬಾ ಭಾವೆಯವರು ಜೊತೆಯ ಕೈದಿಗಳಿಗೆ ಗೀತೆಯ ಹದಿನೆಂಟು ಅಧ್ಯಾಯಗಳ ಮೇಲೆ ಹದಿನೆಂಟು ಪ್ರವಚನ ಮಾಡಿದರು. ಅದೇ ಸೆರೆಯಲ್ಲಿದ್ದ ಸಾನೆ ಗುರೂಜಿ ಕುಳಿತು ಬರೆದುಕೊಂಡರು. ಗ್ರಂಥ ಬರೆಯಬೇಕೆಂದು ಆಡಿದ ಮಾತುಗಳಲ್ಲ ಅವು. ಎದುರಿಗೆ ಕುಳಿತ, ಮನೆ ಬಿಟ್ಟು ಬಂದ ಜನಕ್ಕೆ ಆಡಿದವು. ಅದಕ್ಕೇ ಆ ‘ಗೀತಾ ಪ್ರವಚನ’ದಲ್ಲಿ ಶಾಸ್ತ್ರದ ಬಿಗುವು ಕಡಮೆ, ಮನೆಮಾತಿನ ಬಿಸಿ ಹೆಚ್ಚು. ಕನ್ನಡದಲ್ಲಿಯೂ ಎಷ್ಟೋ ಮನೆಗಳಲ್ಲಿ ಆ ಪುಸ್ತಕವಿದೆ. ಮುಂದೆ 1957ರ ಸೆಪ್ಟೆಂಬರಿನಲ್ಲಿ ಇದೇ ವಿನೋಬಾ, ನಮ್ಮ ಮೈಸೂರು–ಹುಣಸೂರು ರಸ್ತೆಯ ಮೇಲಿನ ಇಲವಾಲಕ್ಕೆ ಬಂದಿದ್ದರು. ಅಲ್ಲಿ ನಡೆದ ಗ್ರಾಮದಾನ ಸಮ್ಮೇಳನಕ್ಕೆ ರಾಷ್ಟ್ರಪತಿ ರಾಜೇಂದ್ರಪ್ರಸಾದರೂ ಪ್ರಧಾನಿ ನೆಹರೂ ಅವರೂ ಬಂದರು. ಇಲವಾಲದ ಮೇಲೆ ಬಸ್ಸು ಹಾಯುವಾಗಲೆಲ್ಲ ನನಗೆ ನೆನಪಾಗುವುದು ಆ ಗಣ್ಯರಲ್ಲ, ಧುಳೆಯ ಭಾನುವಾರಗಳು. ನನ್ನ ಭಾನುವಾರಗಳೂ ಅದೇ ರಸ್ತೆಯ ಮೇಲೆ ಓಡಾಡಿದವು; ಹೋಲಿಕೆ ಅಲ್ಲಿಗೆ ಮುಗಿಯಿತೆನ್ನಿ.

ಆದರೂ ಒಂದು ಮಾತನ್ನು ಹೇಳದೆ ಮುಂದೆ ಹೋಗುವುದು ಅಪ್ರಾಮಾಣಿಕತೆಯಾದೀತು. ಸತ್ಯಾಗ್ರಹಿಗೆ ಸೆರೆಮನೆ ಒಂದು ಮರ್ಯಾದೆ. ಬಿಡುಗಡೆಯ ದಿನ ಹೊರಗೆ ಹಾರ ಹಿಡಿದು ಜನ ನಿಂತಿರುತ್ತಾರೆ. ಅದೇ ಗೋಡೆಯ ಆಚೆ ಬದಿಯಲ್ಲಿ ಕೋಳಿ ಕದ್ದವನೂ, ಬದುವಿನ ಜಗಳದಲ್ಲಿ ಕುಡುಗೋಲು ಬೀಸಿದವನೂ ಇದ್ದರು. ಅವರಿಗೆ ಯಾವ ಹಾರ? 1930ರಿಂದ ಈಚೆಗೆ ಬ್ರಿಟಿಷ್ ಇಂಡಿಯಾದ ಸೆರೆಮನೆಗಳಲ್ಲಿ ಎ, ಬಿ, ಸಿ ಎಂದು ಕೈದಿಗಳ ತರಗತಿಯೂ ಬಂದಿತು. ಓದುಬರಹ ಬಲ್ಲ ಮೇಲಿನ ಅಂತಸ್ತಿನವರಿಗೆ ಮೇಲಿನ ತರಗತಿ. ನಮ್ಮ ಸೆರೆಮನೆ ಸಾಹಿತ್ಯದಲ್ಲಿ ‘ಸಿ’ ತರಗತಿಯವನು ಎಲ್ಲೋ ಒಮ್ಮೆ ನೀರು ಹೊತ್ತುಕೊಂಡು ಹಾದುಹೋಗುತ್ತಾನೆ, ಅಷ್ಟೆ. ಅವನಿಗೆ ಗೀತೆ ಹೇಳಿದವರು ಕಡಮೆ. ಅಕ್ಷರ ಹೇಳಿದವರು ಇನ್ನೂ ಕಡಮೆ.

ಅಂಥವನನ್ನೇ ಹುಡುಕಿಕೊಂಡು ಹೋದವರಲ್ಲಿ ಒಬ್ಬರಿಗೆ ನಮ್ಮ ಸಂಸ್ಥಾನದ ನಂಟು ಇದ್ದಿತು. ಮಾರಿಸ್ ಫ್ರೀಡ್‌ಮನ್ ಎಂಬ ಪೋಲೆಂಡಿನ ಯೆಹೂದಿ ಎಂಜಿನಿಯರು 1930ರ ದಶಕದಲ್ಲಿ, ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ ಕಾಲದಲ್ಲಿ, ಬೆಂಗಳೂರಿನ ಸರ್ಕಾರಿ ವಿದ್ಯುತ್ ಕಾರ್ಖಾನೆಯನ್ನು ನಡೆಸಲು ಬಂದವರು. ಕಾರ್ಖಾನೆ ನೋಡಿಕೊಳ್ಳಬೇಕಾದವರಿಗೆ ರಮಣರ, ಗಾಂಧೀಜಿಯ ಸೆಳೆತ ಹತ್ತಿತು. ಕಾವಿ ಉಟ್ಟು ಭಾರತಾನಂದರೆಂದು ಕರೆಸಿಕೊಂಡರು. ಅಲ್ಲಿಂದ ಔಂಧ್ ಎಂಬ ಚಿಕ್ಕ ಮರಾಠಿ ಸಂಸ್ಥಾನಕ್ಕೆ ಹೋಗಿ, ಅಲ್ಲಿನ ರಾಜನನ್ನು ಒಪ್ಪಿಸಿ, 1939ರ ಹೊತ್ತಿಗೆ ಆಟಪಾಡಿಯ ಬಳಿ ಗೋಡೆಯಿಲ್ಲದ ಒಂದು ಸೆರೆಮನೆಯನ್ನು ಆರಂಭಿಸಲು ಕಾರಣರಾದರು. ಅದಕ್ಕೆ ಸ್ವತಂತ್ರಪುರ ಎಂದೇ ಹೆಸರು. ಕೈದಿಗಳು ಅಲ್ಲಿ ಬೇಸಾಯ ಮಾಡಿಕೊಂಡು, ಹೆಂಡತಿ ಮಕ್ಕಳನ್ನೂ ಕರೆಸಿಕೊಂಡು ಇರಬಹುದಾಗಿತ್ತು. ಶಾಂತಾರಾಮರ ‘ದೋ ಆಂಖೇಂ ಬಾರಹ ಹಾಥ್’ ಎಂಬ 1957ರ ಹಿಂದಿ ಚಿತ್ರ ಇದೇ ಪ್ರಯೋಗದಿಂದ ಹುಟ್ಟಿದ್ದು. ಆರು ಮಂದಿ ಕೊಲೆಗಡುಕರನ್ನು ಬೀಳುಭೂಮಿಗೆ ಕರೆದುಕೊಂಡು ಹೋಗುವ ಜೈಲರನ ಕಥೆ ಅದು. ಅದರಲ್ಲಿ ಜೈಲರನು ಕೈದಿಗಳಿಗೆ ಉಪದೇಶ ಮಾಡುವುದು ಬಹಳ ಕಡಮೆ. ಅವರೊಡನೆ ಮಣ್ಣು ಅಗೆಯುತ್ತಾನೆ.

ಇನ್ನು ಬೆಂಗಳೂರಿನ ಆ ಗೋಪುರದ ನೆರಳಿಗೇ ಹಿಂದಿರುಗಬೇಕು. 1976ರ ಮೇ ತಿಂಗಳಲ್ಲಿ ಆ ಸೆರೆಮನೆಗೆ ಒಬ್ಬ ಹೆಂಗಸನ್ನು ತಂದು ಹಾಕಿದರು. ಅನಂತಮೂರ್ತಿಯವರ ಕಾದಂಬರಿಯಿಂದ 1970ರಲ್ಲಿ ತೆಗೆದ ‘ಸಂಸ್ಕಾರ’ ಚಿತ್ರವನ್ನು ನೋಡಿದವರು ಚಂದ್ರಿಯನ್ನು ಮರೆತಿರಲಾರರು. ಅಗ್ರಹಾರವೆಲ್ಲ ಶಾಸ್ತ್ರ ಹುಡುಕುತ್ತ ಕುಳಿತಿರುವಾಗ ಹೆಣಕ್ಕೆ ದಾರಿ ಕಾಣಿಸುವ ಹೆಣ್ಣು. ಆ ಪಾತ್ರ ಮಾಡಿದ ಸ್ನೇಹಲತಾ ರೆಡ್ಡಿಯವರೇ ಈ ಕೈದಿ. ತುರ್ತುಪರಿಸ್ಥಿತಿಯ ಕಾಲ, ಜಾರ್ಜ್ ಫರ್ನಾಂಡಿಸರ ಸ್ನೇಹವಲಯದವರೆಂದು ಬರೋಡಾ ಡೈನಮೈಟ್ ಮೊಕದ್ದಮೆಯ ಸಂಬಂಧದಲ್ಲಿ ಹಿಡಿದರು. ಕೊನೆಗೆ ದೋಷಾರೋಪಣೆಯ ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಆದರೂ ಮೀಸಾ ಕಾಯಿದೆಯ ಕೆಳಗೆ ಎಂಟು ತಿಂಗಳು ಒಳಗೇ ಇಟ್ಟರು. ಆಕೆಗೆ ಬಹುಕಾಲದ ಉಬ್ಬಸ. ಅದೇ ಸೆರೆಯಲ್ಲಿದ್ದ ಮಧು ದಂಡವತೆಯವರು, ರಾತ್ರಿಯ ಮೌನದಲ್ಲಿ ಆಕೆಯ ಕೂಗು ತಮ್ಮ ಕೊಠಡಿಗೆ ಕೇಳಿಸುತ್ತಿದ್ದುದನ್ನು ಮುಂದೆ ನೆನೆದಿದ್ದಾರೆ.

ಉಸಿರಿಗೇ ಒದ್ದಾಡುತ್ತಿದ್ದ ಈ ಹೆಂಗಸು ಅಲ್ಲಿ ಮಾಡಿದ್ದೇನು? ಆಕೆಯ ಜೊತೆಗಿದ್ದವರು ರಾಜಕೀಯದ ಹೆಂಗಸರಲ್ಲ. ಕಳವು, ಸೂಳೆಗಾರಿಕೆ, ಕೊಲೆ ಎಂದು ಬಂದವರು. ಒಳಗೆ ಬಂದ ಹೆಣ್ಣನ್ನು ಎಲ್ಲರ ಎದುರಿಗೆ ಬತ್ತಲೆ ಮಾಡಿ ತಪಾಸಣೆ ಮಾಡುತ್ತಿದ್ದುದನ್ನು ಆಕೆ ದಿನಚರಿಯಲ್ಲಿ ಬರೆದಿಟ್ಟರು. ಶಿಕ್ಷೆ ಪಡೆದು ಬಂದವಳಿಗೆ ಮತ್ತೆ ಈ ಅವಮಾನದ ಶಿಕ್ಷೆ ಏಕೆ ಎಂಬುದು ಅವರ ಪ್ರಶ್ನೆ. ಹೆಂಗಸರಿಗೆ ಬೀಳುತ್ತಿದ್ದ ಹೊಡೆತವನ್ನು ಹಟಹಿಡಿದು ನಿಲ್ಲಿಸಿದರು. ಕೈದಿಗಳಿಗೆ ಕೊಡುತ್ತಿದ್ದ ಕೂಳು ಸ್ವಲ್ಪ ಸುಧಾರಿಸುವಂತೆ ಮಾಡಿದರು. ಎಲ್ಲಕ್ಕಿಂತ ಮಿಗಿಲಾಗಿ ಆ ಹೆಂಗಸರ ಎದೆಗುಂದದಂತೆ ನೋಡಿಕೊಂಡರು. 1977ರ ಜನವರಿ 15ರಂದು ಪೆರೋಲಿನ ಮೇಲೆ ಹೊರಗೆ ಬಿಟ್ಟರು, 20ರಂದು ತೀರಿಕೊಂಡರು. ದಿನಚರಿ ಅದೇ ವರ್ಷ ಅಚ್ಚಾಯಿತು. ಅದೇ ಕಾಲದಲ್ಲಿ ಅದೇ ಸೆರೆಮನೆಯಲ್ಲಿ ಆಡ್ವಾಣಿಯವರಂಥ ನಾಯಕರಿದ್ದರು. ಅವರು ಬರೆದದ್ದನ್ನು ಓದಿದರೆ ದೇಶದ ಚರಿತ್ರೆ ತಿಳಿಯುತ್ತದೆ. ಪಕ್ಕದ ಕೊಠಡಿಯ ಕಳ್ಳಿಯ ಬೆನ್ನಿನ ಮೇಲೆ ಬಾಸುಂಡೆ ಎದ್ದಿತ್ತು ಎಂಬುದು ತಿಳಿಯಬೇಕಾದರೆ ಚಂದ್ರಿಯ ದಿನಚರಿಯನ್ನೇ ಓದಬೇಕು.

ಹುಣಸೂರಿನವನಾಗಿ ನಾನು ಇಲ್ಲಿ ಒಂದು ಕ್ಷಣ ತಡವರಿಸುತ್ತೇನೆ. ಆಗ ರಾಜ್ಯದ ಮುಖ್ಯಮಂತ್ರಿಯಾಗಿದ್ದವರು ನಮ್ಮ ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು. ಜೀತ ಬಿಡಿಸಿದರು, ಗೇಣಿದಾರನಿಗೆ ಭೂಮಿ ಕೊಡಿಸಿದರು ಎಂದು ನಮ್ಮ ಊರಿನ ಜನ ಇಂದಿಗೂ ಕೈಮುಗಿಯುತ್ತಾರೆ, ಮುಗಿಯತಕ್ಕದ್ದೇ. ಸಾಲಕ್ಕೆ ಜೀತವಿದ್ದವನ ಸೆರೆಯನ್ನು ಬಿಡಿಸಿದ ಅದೇ ವರ್ಷಗಳಲ್ಲಿ ಆ ಗೋಪುರದ ಬುಡದಲ್ಲಿ ಒಬ್ಬ ಹೆಂಗಸು ಉಸಿರಾಡಲಾರದೆ ಕೂಗಿದಳು. ತುರ್ತುಪರಿಸ್ಥಿತಿಯ ಆಜ್ಞೆ ದೆಹಲಿಯದು ಎನ್ನಬಹುದು. ಬಾಗಿಲ ಬೀಗದ ಕೈ ಇದ್ದುದು ಬೆಂಗಳೂರಿನಲ್ಲಿ. ಎರಡನ್ನೂ ಒಟ್ಟಿಗೆ ನೆನಪಿಟ್ಟುಕೊಳ್ಳುವುದು ಕಷ್ಟ, ನನಗೂ ಕಷ್ಟವೇ.

ಸ್ನೇಹಲತಾ ತೀರಿಕೊಂಡ ಎರಡೇ ವರ್ಷಕ್ಕೆ, 1979ರಲ್ಲಿ, ಸುಪ್ರೀಂ ಕೋರ್ಟಿಗೆ ಒಂದು ಕಾಗದ ಬಂದಿತು. ದೆಹಲಿಯ ತಿಹಾರ್ ಜೈಲಿನಲ್ಲಿದ್ದ ಸುನಿಲ್ ಬಾತ್ರಾ ಎಂಬ ಮರಣದಂಡನೆಯ ಕೈದಿ ಬರೆದದ್ದು. ತನಗಾಗಿ ಬರೆದದ್ದಲ್ಲ. ಇನ್ನೊಬ್ಬ ಕೈದಿಯ ಮನೆಯವರಿಂದ ಹಣ ಕೀಳುವುದಕ್ಕಾಗಿ ವಾರ್ಡರನೊಬ್ಬ ಅವನನ್ನು ಘೋರವಾಗಿ ಹಿಂಸಿಸಿದ್ದನ್ನು ತಿಳಿಸಿದ್ದ. ಸ್ಟಾಂಪಿಲ್ಲ, ವಕೀಲನಿಲ್ಲ, ಅಫಿಡವಿಟ್ಟಿಲ್ಲ. ಆ ಕಾಗದವನ್ನೇ ನ್ಯಾಯಾಲಯ ರಿಟ್ ಅರ್ಜಿಯೆಂದು ಎತ್ತಿಕೊಂಡಿತು. ನ್ಯಾಯಮೂರ್ತಿ ಕೃಷ್ಣ ಅಯ್ಯರರ ತೀರ್ಪು, ಸೆರೆಮನೆಯ ಬಾಗಿಲು ದಾಟಿದ ಮಾತ್ರಕ್ಕೆ ಮನುಷ್ಯನ ಮೂಲಭೂತ ಹಕ್ಕುಗಳು ಹೊರಗೆ ಉಳಿಯುವುದಿಲ್ಲ ಎಂದಿತು. ಕಾನೂನಿನ ವಿದ್ಯಾರ್ಥಿಗಳು ಇದನ್ನು ಹಕ್ಕುಗಳ ದೃಷ್ಟಿಯಿಂದ ಓದುತ್ತಾರೆ. ನನಗೆ ಕಾಣುವುದು ಇಷ್ಟು: ಪೆಟ್ಟು ತಿಂದವನ ಪಕ್ಕದಲ್ಲಿ ಬರೆಯಬಲ್ಲವನು ಒಬ್ಬನಿದ್ದ. ಇಲ್ಲದಿದ್ದರೆ?

ಕಾಗದ ಓದಲಾರದವನಿಗೂ ಬಾಯಿ ಉಂಟಷ್ಟೆ. ಮೈಸೂರಿನ ಸೆರೆಮನೆಯಲ್ಲಿ ಆ ಬಾಯನ್ನು ಬಿಡಿಸಿದ್ದು ನಾಟಕ. 1989ರಲ್ಲಿ ಬಿ.ವಿ. ಕಾರಂತರು ಮೈಸೂರಿನಲ್ಲಿ ಕಟ್ಟಿದ ರಂಗಾಯಣದ ನಟ ಹುಲುಗಪ್ಪ ಕಟ್ಟೀಮನಿಯವರು 1990ರ ದಶಕದ ಕೊನೆಯಿಂದ ಕೈದಿಗಳ ನಡುವೆ ನಾಟಕ ಕಲಿಸತೊಡಗಿದರು. ಆ ಕೆಲಸದಿಂದ ಬೆಳೆದ ತಂಡದ ಹೆಸರು ‘ಸಂಕಲ್ಪ’. ಜೀವಾವಧಿ ಶಿಕ್ಷೆಯ ಗಂಡಸರೂ ಹೆಂಗಸರೂ ಪೊಲೀಸು ಕಾವಲಿನಲ್ಲಿ ಹೊರಗೆ ಬಂದು ಊರ ಜನದ ಎದುರಿಗೆ ಕಾರ್ನಾಡರ ‘ತಲೆದಂಡ’ವನ್ನು ಆಡಿದರು, ಮ್ಯಾಕ್‌ಬೆತ್ ನಾಟಕವನ್ನು ಎಚ್.ಎಸ್. ಶಿವಪ್ರಕಾಶರು ಕನ್ನಡದ ಮಣ್ಣಿಗೆ ತಂದ ‘ಮಾರನಾಯಕನ ದೃ‌ಷ್ಟಾಂತ’ವನ್ನು ಆಡಿದರು. ಕೊಲೆ ಮಾಡಿ ನಿದ್ದೆ ಕಳೆದುಕೊಂಡವನ ಕಥೆ ಅದು. ನಾವು ಕಾಲೇಜಿನಲ್ಲಿ ಷೇಕ್ಸ್‌ಪಿಯರನ ಈ ದುರಂತವನ್ನು ಕುರಿತು ಪುಟಗಟ್ಟಲೆ ಟಿಪ್ಪಣಿ ಬರೆಸುತ್ತೇವೆ. ಕೊಲೆಗಾಗಿ ಶಿಕ್ಷೆ ಅನುಭವಿಸುತ್ತಿರುವವನೊಬ್ಬ ಆ ಪಾತ್ರವನ್ನು ತಿಂಗಳುಗಟ್ಟಲೆ ಬಾಯಿಪಾಠ ಮಾಡಿ, ರಾತ್ರಿ ಅದೇ ಬ್ಯಾರಕ್ಕಿಗೆ ಮರಳಿ ಮಲಗುವಾಗ ಅವನೊಳಗೆ ಏನು ನಡೆದಿರಬಹುದೆಂಬುದಕ್ಕೆ ನಮ್ಮಲ್ಲಿ ಟಿಪ್ಪಣಿಯಿಲ್ಲ. ನಾಟಕದಿಂದ ಕೈದಿಗಳು ಸುಧಾರಿಸಿದರೆ ಎಂದು ಕೆಲವರು ಕೇಳುತ್ತಾರೆ. ನಾಟಕ ನೋಡಿ ನಾವೆಷ್ಟು ಸುಧಾರಿಸಿದ್ದೇವೆ ಎಂದು ಮರುಪ್ರಶ್ನೆ ಹಾಕಬೇಕೆನಿಸುತ್ತದೆ. ತಪ್ಪೊಪ್ಪಿಗೆಯನ್ನು ಪೊಲೀಸರ ಎದುರಿಗಲ್ಲದೆ ಬೇರೆಯವರ ಎದುರಿಗೂ ಆಡಬಹುದು, ಆಡಿದರೆ ಜನ ಕೂತು ಕೇಳುತ್ತಾರೆ ಎಂಬುದು ತಿಳಿದದ್ದೇ ಅವರಿಗೆ ದೊಡ್ಡ ವಿಷಯ.

ಈಗ ಸರ್ಕಾರದ ವತಿಯಿಂದಲೂ ಅಕ್ಷರದ ಕೆಲಸ ನಡೆಯುತ್ತಿದೆ. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯವು ದೇಶದ ಅನೇಕ ಸೆರೆಮನೆಗಳಲ್ಲಿ ಕಲಿಕಾ ಕೇಂದ್ರಗಳನ್ನು ತೆರೆದಿದೆ. ಒಳಗಿದ್ದುಕೊಂಡೇ ಪದವಿ ಪಡೆದವರುಂಟು. ಓದಲು ಬಾರದ ಕೈದಿಗಳಿಗೆ ಓದಿದ ಕೈದಿಗಳೇ ಕಲಿಸುವ ಪದ್ಧತಿಯೂ ಉಂಟು. ನನಗೆ ಹೆಚ್ಚು ಹಿಡಿಸಿದ್ದು ಅದೇ. ನಮ್ಮಂಥವರು ಭಾನುವಾರ ಬಂದು ಸಂಜೆಯ ಬಸ್ಸು ಹಿಡಿಯುತ್ತೇವೆ. ರಾತ್ರಿ ಹನ್ನೊಂದಕ್ಕೆ ಒಬ್ಬನಿಗೆ ಮನೆ ನೆನಪಾಗಿ ಕೊರಳ ಸೆರೆ ಬಿಗಿದಾಗ ಪಕ್ಕದ ಚಾಪೆಯಲ್ಲಿ ಇರುವವನು ಅವನ ಜೊತೆಯ ಕೈದಿಯೇ.

ಕೋಟೆಯ ಯಜಮಾನರಿಗೆ ಅಕ್ಷರ ಹತ್ತಲು ಏಳು ತಿಂಗಳು ಹಿಡಿಯಿತು. ‘ಅರಸ, ಆಟ, ಇಲಿ’ ಎಂಬ ಪಾಠವನ್ನು ಅವರು ಮೊದಲ ವಾರವೇ ತಳ್ಳಿಹಾಕಿದರು. “ಮಗಳ ಕಾಗದದಾಗೆ ಇಲಿ ಎಲ್ಲಿ ಬತ್ತದೆ ಮೇಷ್ಟ್ರೇ?” ಎಂಬುದು ಅವರ ವಾದ. ಸರಿ, ಕಾಗದದಲ್ಲಿ ಏನು ಬರುತ್ತದೆ ಎಂದು ಅವರನ್ನೇ ಕೇಳಿ ಕೇಳಿ ಕಪ್ಪುಹಲಗೆಯ ಮೇಲೆ ಬರೆದೆ: ಅವ್ವ, ರಾಗಿ, ಮಳೆ, ಕರು, ಸೊಸೈಟಿ, ಬಡ್ಡಿ, ಹೊಗೆಸೊಪ್ಪು. ನಮ್ಮ ಕಡೆ ಹೊಗೆಸೊಪ್ಪು ಬೆಳೆದ ಮೇಲೆ ಅದನ್ನು ಬೇಯಿಸುವ ಬ್ಯಾರನ್ ಇಲ್ಲದೆ ಹೇಗೆ? ಆ ಮಾತು ಅವರನ್ನು ಎರಡು ತಿಂಗಳು ಸತಾಯಿಸಿತು. ಬಕಾರಕ್ಕೆ ಯಕಾರದ ಒತ್ತು, ಮೇಲೆ ದೀರ್ಘ, ಕೊನೆಗೆ ಅರೆ ನಕಾರ. “ಕಟ್ಟೋದೇ ಸಲೀಸು, ಬರೆಯೋದೇ ಕಷ್ಟ” ಎಂದು ಬಳಪ ಕೆಳಗಿಟ್ಟು ಬೆರಳು ನೀವಿಕೊಳ್ಳುತ್ತಿದ್ದರು. ನಾನು ಅವರ ಅಪರಾಧವೇನೆಂದು ಕೇಳಲಿಲ್ಲ, ಅವರೂ ಹೇಳಲಿಲ್ಲ. ಬರೆಯುತ್ತ ಬರೆಯುತ್ತ ಒಂದು ದಿನ ತಾವಾಗಿಯೇ, “ಬದು ಒಂದ್ ಮೊಳ ಮೇಷ್ಟ್ರೇ, ಬರೀ ಒಂದ್ ಮೊಳ” ಎಂದರು. ಮತ್ತೆ ಬಳಪ ಎತ್ತಿಕೊಂಡರು.

ಹಾಗೆಯೇ ಒಂದು ಭಾನುವಾರ ಹೊಸ ಕಾಗದ ಬಂದಿತ್ತು. ಈ ಸಲ ನನ್ನ ಎದುರಿಗೇ ಬಿಚ್ಚಿದರು. ಬೆರಳಿಟ್ಟು, ತುಟಿ ಅಲುಗಿಸುತ್ತ, ಒಂದೊಂದೇ ಅಕ್ಷರ ಹಿಡಿದು ಸಾಗಿದರು. ‘ಅಪ್ಪನವರ ಪಾದಗಳಿಗೆ’ ಎಂಬುದು ದಾಟಿತು. ಮಳೆ ಆಯಿತು. ಕರು ಹಾಕಿದ್ದು ಆಯಿತು. “ಬ್ಯಾ... ರ... ನ್... ಬ್ಯಾರನ್ನು... ಈ ವರ್ಷ...” ಎಂದು ಅಲ್ಲಿಗೆ ನಿಂತರು. ಮುಂದಿನ ಮಾತು ಕಷ್ಟವಾಯಿತೇನೋ ಎಂದು ನಾನು ಅಭ್ಯಾಸಬಲದಿಂದ ಕತ್ತು ಚಾಚಿದೆ. ಅವರು ಕಾಗದವನ್ನು ಎದೆಗೆ ಒತ್ತಿ ಮಡಿಸಿಕೊಂಡರು.

“ಮಿಕ್ಕದ್ದ ನಾನೇ ಓದ್ಕತೀನಿ ಮೇಷ್ಟ್ರೇ” ಎಂದರು.